ಹೆಂಚಿನ ಮೇಲೆ ಕೂತದ್ದು

ನನ್ನ ಗಂಡನಿಗೆ ಇಸ್ಪೀಟಿನ ಚಟ ಇರಲಿಲ್ಲ, ಸಿಗರೇಟೂ ಇರಲಿಲ್ಲ. ಎಪ್ಪತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಶಿವನಸಮುದ್ರದ ಪವರ್ ಹೌಸಿನಲ್ಲಿ ಇವರ ಜೊತೆಗಿದ್ದ ಗಂಡಸರಿಗೆ ಎರಡೂ ಧಾರಾಳವಾಗಿದ್ದವು. ಅವರ ಹೆಂಡಿರು ನನ್ನನ್ನು ಪುಣ್ಯವಂತೆ ಎನ್ನುತ್ತಿದ್ದರು. ನಡುಮನೆಯಲ್ಲಿ ತೂಗುಬಿಟ್ಟ ಆರಡಿ ಉದ್ದದ ರೆಕ್ಕೆಯ ಕೆಳಗೆ ಬಗ್ಗಿ ಬಗ್ಗಿ ಓಡಾಡುವ ಕಷ್ಟ ಅವರಿಗೇನು ಗೊತ್ತು?

ಗ್ಲೈಡರ್ ಎಂದು ಅದರ ಹೆಸರು. ಇಂಜಿನ್ ಇಲ್ಲದ ವಿಮಾನ, ಗಾಳಿಯೇ ಎತ್ತಬೇಕು. ಬೆಂಗಳೂರಿನಿಂದ ತರಿಸಿದ ಹಗುರ ಮರದ ಕಡ್ಡಿಗಳನ್ನು ಬ್ಲೇಡಿನಲ್ಲಿ ಕೊಯ್ದು, ಅಂಟಿಸಿ, ಎರಡು ವರ್ಷ ಕೂತು ಕಟ್ಟಿದ್ದರು. ರೆಕ್ಕೆಗೆ ಹೊದಿಸುವುದಕ್ಕೆ ನನ್ನ ಕಾಫಿಪುಡಿ ಬಣ್ಣದ ತೆಳು ರೇಷ್ಮೆ ಸೀರೆಯೇ ಆಗಬೇಕಾಯಿತು. ನೆಲದ ಮೇಲೆ ನಿಂತು ಅದನ್ನು ತಿರುಗಿಸಲು ಊಟದ ಡಬ್ಬಿಯಷ್ಟು ದೊಡ್ಡದೊಂದು ರೇಡಿಯೋ ಪೆಟ್ಟಿಗೆ, ಅದಕ್ಕೆ ಎಳೆದು ಉದ್ದ ಮಾಡುವ ಏರಿಯಲ್. ಗುಂಡಿಯನ್ನು ಒಂದು ಸಲ ಒತ್ತಿದರೆ ಎಡಕ್ಕೆ, ಎರಡು ಸಲ ಒತ್ತಿದರೆ ಬಲಕ್ಕೆ. ಇಷ್ಟು ಮಾತು ಕೇಳುವ ಹೆಂಡತಿ ಸಿಕ್ಕಿದ್ದರೆ ನೀವು ವಿಮಾನ ಕಟ್ಟುತ್ತಲೇ ಇರಲಿಲ್ಲ ಎಂದು ನಾನು ರೇಗಿಸುತ್ತಿದ್ದೆ.

ನಮ್ಮ ಕ್ವಾರ್ಟರ್ಸ್ ಸಾಲಿನ ಕೊನೆಯ ಮನೆ. ಹಿತ್ತಲು ಮುಗಿದರೆ ಕಾವೇರಿಯ ಕಣಿವೆ. ಬಿಸಿಲೇರಿದ ಮೇಲೆ ಕಣಿವೆಯ ಗಾಳಿ ಇಳಿಜಾರು ಹತ್ತಿ ಮೇಲಕ್ಕೆ ಬರುತ್ತಿತ್ತು. ಆ ಗಾಳಿಯಲ್ಲಿ ರಣಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು. ಅವು ಎಲ್ಲಿ ಸುತ್ತುತ್ತವೋ ಅಲ್ಲಿಗೇ ಇವರು ಗ್ಲೈಡರನ್ನು ಬಿಡುತ್ತಿದ್ದರು. ಬಲ ರೆಕ್ಕೆಯಲ್ಲಿ ಒಂದು ಗರಿ ಕಿತ್ತುಹೋದ ಹದ್ದೊಂದು ಮಾತ್ರ ಗ್ಲೈಡರಿನ ಬೆನ್ನು ಬಿಡುತ್ತಿರಲಿಲ್ಲ. ಪಕ್ಕಕ್ಕೇ ಬಂದು, ಬೋಳು ಕತ್ತು ತಿರುಗಿಸಿ ಅದನ್ನು ನೋಡುತ್ತಿತ್ತು. ಇವರಿಗೆ ಅದೊಂದು ಸಂಭ್ರಮ. ನಾನು ಅದನ್ನು ಕಂಡರೆ ಒಳಗೆ ಹೋಗಿ ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಒಂದು ಸಂಜೆ ರೇಡಿಯೋ ಪೆಟ್ಟಿಗೆಯ ಸೆಲ್ ಕೈಕೊಟ್ಟಿತು. ಗ್ಲೈಡರ್ ತನ್ನಷ್ಟಕ್ಕೆ ತೇಲಿಕೊಂಡು ಪಕ್ಕದ ಹಳ್ಳಿಗೆ ಹೋಗಿ, ನಮಗೆ ಹಾಲು ತರುತ್ತಿದ್ದ ಅಜ್ಜಿಯ ಮನೆಯ ಸೂರಿನ ಮೇಲೆ ಕೂತಿತು. ಆ ಮನೆಯಲ್ಲಿ ಅಜ್ಜಿಯ ಮೊಮ್ಮಗಳು ದಿನ ತುಂಬಿದ ಬಸುರಿ. ಹಿಂದಿನ ಸಲದ ಮಗು ಉಳಿದಿರಲಿಲ್ಲ. ಊರಿಗೆಲ್ಲ ಹೆರಿಗೆ ಮಾಡಿಸುತ್ತಿದ್ದ ಅಜ್ಜಿ, ಈ ಸಲ ತನ್ನ ಕೈಯಲ್ಲೇ ಆಗಲಿ ಎಂದು ಅವಳನ್ನು ಗಂಡನ ಮನೆಯಿಂದ ಕರೆಸಿಕೊಂಡಿದ್ದಳು.

ನಾವಿಬ್ಬರೂ ಓಡಿಹೋಗುವಷ್ಟರಲ್ಲಿ ಪಾತ್ರೆಪಗಡ ಬೀದಿಗೆ ಬಂದಿತ್ತು. ಅಜ್ಜಿ ಬಾಗಿಲಿಗೆ ಜಾಲಿಮುಳ್ಳು ಜಡಿಯುತ್ತಿದ್ದಳು.

"ಅದ್ದು ಕೂತ ಮನೇಲಿ ಇರಬಾರ್ದು ಕಣವ್ವ. ಮುಳ್ಳಾಕಿ ಮೂರ್ ತಿಂಗ್ಳು ಬುಟ್ಬುಡ್ಬೇಕು," ಎಂದಳು.

ಇವರು ಏಣಿ ಹಾಕಿ ಗ್ಲೈಡರ್ ಇಳಿಸಿ ಅವಳ ಮುಂದೆ ಹಿಡಿದರು. "ಇದು ಹದ್ದಲ್ಲ ಅಜ್ಜಿ, ಬರೀ ಮರ, ಬಟ್ಟೆ. ಮುಟ್ಟಿ ನೋಡು."

ಅವಳು ಮುಟ್ಟಲಿಲ್ಲ. "ಅದ್ದಾದ್ರೆ ಸತ್ತದ್ದ ತಿನ್ನಕೆ ಬಂದಿತ್ತು ಅನ್ಬೋದು ಸ್ವಾಮಿ. ಜೀವಾನೇ ಇಲ್ದಿದ್ದು ಆರ್ಕಂಡ್ ಬಂದು ನಮ್ ಮನೇನೇ ಉಡಿಕ್ಕಂಡ್ ಕೂತದಲ್ಲ, ಇದುಕ್ಕೇನನ್ನಾನ?"

ಹದ್ದು ಕೂತ ಮನೆಯವರನ್ನು ಊರಿನಲ್ಲಿ ಯಾರೂ ಒಳಗೆ ಸೇರಿಸುವುದಿಲ್ಲ. ಬಸುರಿ ಹುಡುಗಿ ಗದ್ದೆಯ ಬದುವಿನ ಗುಡಿಸಲಿಗೆ ಹೋಗಬೇಕಿತ್ತು. ಅವಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ, ನಮ್ಮ ಮನೆಗೆ ಬನ್ನಿ ಎಂದುಬಿಟ್ಟೆ. ನಮ್ಮತ್ತೆ ಬದುಕಿದ್ದಿದ್ದರೆ ಮೊದಲು ನನ್ನನ್ನೇ ಮನೆಯಿಂದ ಆಚೆಗೆ ಹಾಕುತ್ತಿದ್ದರು.

ಅಜ್ಜಿ ಷರತ್ತು ಹಾಕಿ ಒಪ್ಪಿದಳು. "ಆ ಪಿಶಾಚಿ ನನ್ ಕಣ್ಗೆ ಬೀಳಬಾರ್ದು. ನಿಮ್ ಸೂರಿನ್ ಮ್ಯಾಲೆ ಕೆಟ್ಟದ್ದೇನಾರ ಕಂಡ್ರೆ ಒಂದ್ ಗಳಿಗೆನೂ ಇರಕಿಲ್ಲ. ಹೆರ್ತಾ ಇದ್ರೂ ಎತ್ಕಂಡ್ ಓಯ್ತೀನಿ."

ಗ್ಲೈಡರ್ ಸೌದೆ ಕೊಟ್ಟಿಗೆ ಸೇರಿತು, ಹೊಸ ಸೆಲ್ ಹಾಕಿದ ಪೆಟ್ಟಿಗೆಯೂ ಅದರ ಜೊತೆಗೆ. ಹಿಂದಿನ ಕೋಣೆ ಅಜ್ಜಿಗೂ ಮೊಮ್ಮಗಳಿಗೂ ಆಯಿತು. ಇವರು ಮೂಢನಂಬಿಕೆಯ ಬಗ್ಗೆ ನನಗೆ ಭಾಷಣ ಮಾಡುತ್ತಿದ್ದರು, ಆದರೆ ಪಿಸುದನಿಯಲ್ಲಿ.

ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ ಹುಡುಗಿಗೆ ನೋವು ಕಾಣಿಸಿಕೊಂಡಿತು. ಮಧ್ಯಾಹ್ನವಾದರೂ ಮಗು ಬರಲಿಲ್ಲ. ಕಾಲು ಮುಂದಾಗಿದೆ, ತಿರುಗಿಸಬೇಕು ಎಂದಳು ಅಜ್ಜಿ. ಮಳವಳ್ಳಿಯ ಆಸ್ಪತ್ರೆಗೆ ಕರೆದೊಯ್ಯೋಣವೆಂದರೆ, ಬಸ್ಸಿನ ಕುಲುಕಾಟಕ್ಕೆ ತಾಯಿಯೂ ಉಳಿಯುವುದಿಲ್ಲ ಎಂದಳು. ನಾನು ಹಂಡೆಯಿಂದ ಬಿಸಿನೀರು ತರಲು ಹಿತ್ತಲಿಗೆ ಬಂದೆ. ಇವರು ಅಲ್ಲಿ ಮಾಡಿನ ಕಡೆ ಮುಖವೆತ್ತಿ ನಿಂತಿದ್ದರು. ನಾನೂ ನೋಡಿದೆ.

ಹಿಂದಿನ ಕೋಣೆಯ ನೆತ್ತಿಗೆ ಸರಿಯಾಗಿ, ಹೆಂಚಿನ ಮೇಲೆ ರಣಹದ್ದು ಕೂತಿತ್ತು. ಬಲ ರೆಕ್ಕೆಯಲ್ಲಿ ಒಂದು ಗರಿ ಇರಲಿಲ್ಲ.

ಕೊಡ ಕೈಯಿಂದ ಜಾರದ ಹಾಗೆ ಎದೆಗೆ ಒತ್ತಿಕೊಂಡೆ. ಕಲ್ಲು ಹೊಡೆದರೆ ಹೆಂಚು ಸದ್ದಾಗಿ ಅಜ್ಜಿ ಹೊರಗೆ ಬರುತ್ತಾಳೆ. ಬಂದು ನೋಡಿದರೆ ಹುಡುಗಿಯನ್ನು ಆ ಸ್ಥಿತಿಯಲ್ಲೇ ಬಿಸಿಲಿಗೆ ಎಳೆಯುತ್ತಾಳೆ. ನಾನು ಸೆರಗು ಬೀಸಿದೆ, ಅದು ಕದಲಲಿಲ್ಲ. ಒಳಗೆ ಹುಡುಗಿ ಚೀರಿದಳು, ಹದ್ದು ಕತ್ತು ಬಗ್ಗಿಸಿ ಹೆಂಚಿನ ಸಂದು ನೋಡಿತು. ಅಷ್ಟು ಹೆದರಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಇವರು ಸೌದೆ ಕೊಟ್ಟಿಗೆಗೆ ಹೋದರು. ಒಂದು ಕೈಯಲ್ಲಿ ಗ್ಲೈಡರ್, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ಕಣಿವೆಯ ಅಂಚಿಗೆ ನಡೆದು, ಗ್ಲೈಡರನ್ನು ಗಾಳಿಗೆ ಎಸೆದರು. ನನ್ನ ಸೀರೆಯ ರೆಕ್ಕೆ ಗಾಳಿ ಹಿಡಿದು ಮೇಲೇರಿ, ಇವರು ಗುಂಡಿ ಒತ್ತಿದಂತೆ ಹಿತ್ತಲಿನ ಎದುರಿಗೇ ಸುತ್ತತೊಡಗಿತು. ಒಂದು ಸುತ್ತು, ಇನ್ನೊಂದು ಸುತ್ತು. ಹದ್ದು ಕತ್ತೆತ್ತಿ ನೋಡಿತು. ಆಮೇಲೆ ರೆಕ್ಕೆ ಬಿಚ್ಚಿ ಹಾರಿತು. ಹಾರುವಾಗ ಒಂದು ಹೆಂಚು ಕಟಕಟ ಅಲ್ಲಾಡಿತು.

"ಏನವ್ವಾ ಅದು ಸದ್ದು?" ಎಂದು ಅಜ್ಜಿ ಒಳಗಿಂದ ಕೂಗಿದಳು.

"ಕೋತಿ ಕಣಜ್ಜೀ," ಎಂದೆ.

ಹದ್ದು ಎಂದಿನಂತೆ ಗ್ಲೈಡರಿನ ಪಕ್ಕಕ್ಕೆ ಸೇರಿಕೊಂಡಿತು. ಎರಡೂ ಕಣಿವೆಯ ಮೇಲೆ ಹೋದವು. ಗುಂಡಿ ಒತ್ತಿದ್ದರೆ ಗ್ಲೈಡರ್ ತಿರುಗಿ ಬರುತ್ತಿತ್ತು, ಹದ್ದೂ ಜೊತೆಗೆ ಬರುತ್ತಿತ್ತು. ಇವರು ಗುಂಡಿ ಒತ್ತಲಿಲ್ಲ. ಏರಿಯಲ್ಲನ್ನು ಅಂಗೈಯಿಂದ ತಳ್ಳಿ, ಪೂರ್ತಿ ಒಳಕ್ಕೆ ಸೇರಿಸಿದರು. ಗ್ಲೈಡರ್ ಇನ್ನೂ ಆಕಾಶದಲ್ಲಿತ್ತು. ಎರಡು ವರ್ಷದ ಕೆಲಸ ಆಚೆ ದಡದ ಕಾಡಿನ ಕಡೆ ಚಿಕ್ಕದಾಗುತ್ತಾ ಹೋಗುವುದನ್ನು ನೋಡುತ್ತಾ ನಿಂತರು. ನಾನು ನೀರು ತೆಗೆದುಕೊಂಡು ಒಳಗೆ ಹೋದೆ.

ಸಂಜೆಗೆ ಮುಂಚೆ ಮಗು ಅತ್ತಿತು. ಹೆಣ್ಣು ಮಗು. ಅಜ್ಜಿ ಕೈ ತೊಳೆದುಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕಾಲು ಚಾಚಿದಳು.

"ಒಳ್ಳೇ ಮನೆ ಕಣವ್ವ ನಿಮ್ದು. ಬಂದಾಗಿಂದ ನೋಡ್ತಾವ್ನಿ, ಇದ್ರ್ ಮ್ಯಾಲೆ ಒಂದ್ ಕಾಗೆ ಕೂತದ್ದೂ ನಾ ಕಾಣೆ."

ಇವರು ತಲೆ ಎತ್ತಲಿಲ್ಲ. ಕೇಳಿದವರಿಗೆಲ್ಲ ರೇಡಿಯೋ ಮತ್ತೆ ಕೈಕೊಟ್ಟಿತು, ಗ್ಲೈಡರ್ ಹೋಯಿತು ಎಂದರು. ನನಗೂ ಹಾಗೇ ಹೇಳಿದರು. ನಾನು ಹೌದಾ ಎಂದೆ.

ಬಾಣಂತಿ, ಮಗು ಮೂರು ತಿಂಗಳು ನಮ್ಮ ಮನೆಯಲ್ಲೇ ಇದ್ದರು, ಅದೇ ಕೋಣೆಯಲ್ಲಿ, ಅದೇ ಹೆಂಚಿನ ಕೆಳಗೆ. ಅಷ್ಟು ದಿನವೂ ಇವರು ಬೆಳಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ಬಾಗಿಲು ತೆಗೆದು ಹಿತ್ತಲಿಗೆ ಹೋಗಿ, ಮಾಡಿನ ಕಡೆ ನೋಡಿ ಬರುತ್ತಿದ್ದರು. ಏನು ನೋಡಿದಿರಿ ಎಂದರೆ, ಗಾಳಿ ಯಾವ ಕಡೆಯಿಂದ ಇದೆ ಅಂತ ನೋಡಿದೆ ಕಣೇ ಎನ್ನುತ್ತಿದ್ದರು. ಹಾರಿಸುವುದಕ್ಕೆ ಮನೆಯಲ್ಲಿ ವಿಮಾನವೇ ಇರಲಿಲ್ಲ.