ಬಿಳಿ ಗೆರೆಯ ಕ್ಲ್ಯಾರಿ

ಕ್ಲ್ಯಾರಿ ಪಾಸ್ಕೋ ಗೆದ್ದದ್ದನ್ನೆಲ್ಲ ಅವನ ಮನೆಯವರು ತಿಂದು ತೇಗಿಬಿಟ್ಟರು. ಹಾಗೆಂದು ಅವರನ್ನು ಬೈಯಬೇಡಿ. ಆ ಕಾಲಕ್ಕೆ ಕಲ್ಲಿದ್ದಲು ಗಣಿಯ ಊರಾದ ಸೆಸ್‌ನಾಕ್‌ನ ಮೈದಾನದ ಮೋಟಾರ್‌ಸೈಕಲ್ ಪಂದ್ಯದಲ್ಲಿ ಮೊದಲು ಬಂದವನ ಕೈಗೆ ಒಂದು ಹಂದಿತೊಡೆ ಕೊಡುತ್ತಿದ್ದರು, ಇಲ್ಲವೇ ಒಂದು ಚೀಲ ಹಿಟ್ಟು. ಪಂದ್ಯ ನಡೆಸುವ ಸಂಘದವರು ದೊಡ್ಡ ಮನಸ್ಸು ಮಾಡಿದರೆ ಕ್ರಿಸ್‌ಮಸ್ಸಿಗೆ ಟರ್ಕಿ ಕೋಳಿ. ಅದನ್ನು ಗಾಜಿನ ಕಪಾಟಿನಲ್ಲಿಟ್ಟು ನೆಂಟರಿಗೆ ತೋರಿಸಲಾಗುತ್ತದೆಯೇ?

ವಾರವೆಲ್ಲ ಗಣಿಯೊಳಗೆ ಕಲ್ಲಿದ್ದಲು ಕಡಿಯುವವನು ಶನಿವಾರ ಸಂಜೆ ಬೇರೆಯೇ ಆಸಾಮಿ. ಗಣಿಯ ಬಾಯ್ಲರಿನ ಕಿಟ್ಟ ಹರಡಿದ ದುಂಡು ಹಾದಿ, ಬ್ರೇಕೇ ಇಲ್ಲದ ಗಾಡಿ, ಎಡಗಾಲಿನ ಬೂಟಿಗೆ ಕಟ್ಟಿದ ಉಕ್ಕಿನ ಅಟ್ಟೆ. ತಿರುವು ಬಂದಾಗ ಆ ಕಾಲನ್ನು ನೆಲಕ್ಕೂರಿ, ಗಾಡಿಯನ್ನು ಅಡ್ಡಡ್ಡ ಜಾರಿಸಿಕೊಂಡು ಹೋಗಬೇಕು. ಹಾಗೆ ಜಾರಿಸುವುದರಲ್ಲಿ ಕ್ಲ್ಯಾರಿಯ ಸಮಕ್ಕೆ ಆ ಕಣಿವೆಯಲ್ಲೇ ಯಾರೂ ಇರಲಿಲ್ಲ.

ಅದೇ ಅವನಿಗೆ ಮುಳುವಾಯಿತು. ಅಲ್ಲಿನ ಲೆಕ್ಕವೇ ಹಾಗೆ. ನಿಧಾನದವನನ್ನು ಮುಂದೆ ನಿಲ್ಲಿಸುತ್ತಾರೆ, ಚುರುಕಿನವನನ್ನು ಹಿಂದೆ. ಗೆದ್ದಷ್ಟೂ ಹಿಂದಕ್ಕೆ. ಎಲ್ಲರಿಗಿಂತ ಹಿಂದೆ ಸುಣ್ಣದಲ್ಲಿ ಎಳೆದ ಬಿಳಿ ಗೆರೆ. ಆ ಗೆರೆಯ ಮೇಲೆ ನಿಂತವನು ಐದು ಜನರನ್ನು ಹಿಂದೆ ಹಾಕಿ ಗೆಲ್ಲಬೇಕೆಂದರೆ ಪವಾಡವೇ ಆಗಬೇಕು. ಕೊನೆಕೊನೆಗೆ ಕ್ಲ್ಯಾರಿ ಗೆಲ್ಲುವುದೇ ಅಪರೂಪವಾಯಿತು. ಆದರೆ ಅವನು ಹೋಟೆಲಿನ ಬಿಯರ್ ಕಟ್ಟೆಗೆ ಬಂದರೆ ಜನ ಸರಿದು ಜಾಗ ಬಿಡುತ್ತಿದ್ದರು. ಗೆದ್ದವರು ವಾರಕ್ಕೊಬ್ಬರು ಸಿಗುತ್ತಿದ್ದರು, ಬಿಳಿ ಗೆರೆಯವನು ಊರಿಗೆಲ್ಲ ಒಬ್ಬನೇ.

ಒಂದು ಶನಿವಾರ ಮುಂದಿನ ಗಾಡಿಯ ಚಕ್ರದಿಂದ ಸಿಡಿದ ಕಿಟ್ಟದ ಚೂರು ಅವನ ಕನ್ನಡಕ ಒಡೆದು ಎಡಗಣ್ಣಿಗೆ ಬಿತ್ತು. ವಾಸಿಯಾಯಿತು ಎಂದು ಎಲ್ಲರಿಗೂ ಹೇಳಿದ. ಹೆಂಡತಿ ಮೇವಿಸ್ ನಂಬಿದಳು, ಅವನು ಬಾಗಿಲ ಚೌಕಟ್ಟಿಗೆ ಎರಡು ಸಲ ಎಡಭುಜ ತಾಗಿಸಿಕೊಳ್ಳುವವರೆಗೆ. ಆಮೇಲೊಂದು ದಿನ ಚಹಾ ಬಗ್ಗಿಸುವಾಗ ಕಪ್ಪನ್ನು ಬಿಟ್ಟು ಮೇಜಿನ ಬಟ್ಟೆಯ ಮೇಲೆ ಸುರಿದ.

"ಆ ಕಣ್ಣು ಕಾಣಿಸ್ತಾ ಇಲ್ಲ, ಅಲ್ವಾ?"

"ಇನ್ನೊಂದು ಕಾಣಿಸ್ತದಲ್ಲ."

"ತಿರುವೆಲ್ಲ ಎಡಕ್ಕೇ ಇರೋದು ಕ್ಲ್ಯಾರಿ."

"ಯಾರ ಹತ್ರಾನೂ ಬಾಯಿ ಬಿಡಬೇಡ. ಗೊತ್ತಾದ್ರೆ ನನ್ನನ್ನ ಗೇಟಿನೊಳಗೂ ಬಿಡಲ್ಲ."

ಬಾಯಿ ಬಿಡದೆ ಅವಳು ಎಷ್ಟು ಶನಿವಾರ ಕೂರಬೇಕು? ಬಿಳಿ ಗೆರೆಯಿಂದ ಹೊರಟವನು ಐದು ಗಾಡಿಗಳ ಕಿಟ್ಟ ಮುಖಕ್ಕೆ ಬಡಿಯುವಾಗ ಸಂದಿ ಹುಡುಕಿ ನುಗ್ಗಬೇಕು. ಅದೂ ಒಂದೇ ಕಣ್ಣಲ್ಲಿ. ಆ ವರ್ಷದ ಕೊನೆಯ ಪಂದ್ಯಕ್ಕೆ ಸಂಘದವರು ಮೊದಲ ಸಲ ಬೆಳ್ಳಿ ಬಟ್ಟಲು ಇಟ್ಟಿದ್ದರು. ಎಲ್ಲರೂ ಪ್ರಾಣದ ಹಂಗು ಬಿಟ್ಟು ನುಗ್ಗುವವರೇ. ಮೇವಿಸ್ ನೆಟ್ಟಗೆ ತನ್ನ ಅಣ್ಣ ಆಲ್ಬಿಯ ಮನೆಗೆ ಹೋದಳು. ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವನು ಅವನೇ.

ಕಣ್ಣಿನ ವಿಷಯ ಕೇಳಿ ಆಲ್ಬಿ ಪೈಪು ಕೆಳಗಿಟ್ಟ. "ಹಾಗಾದ್ರೆ ಅವನ ಓಟಾನೇ ನಿಲ್ಲಿಸಿಬಿಡೋಣ."

"ನಿಲ್ಲಿಸಿದ್ರೆ ಆ ಕೊರಗಲ್ಲೇ ಸಾಯ್ತಾನೆ. ಇದೊಂದು ಸಲ ಮುಂದೆ ನಿಲ್ಲಿಸು. ಮುಂದಿನವನಿಗೆ ಎದುರಿಗೆ ಯಾರೂ ಇರಲ್ಲ, ಬರೀ ದಾರಿ."

"ಕ್ಲ್ಯಾರಿನ? ಮುಂದೆ? ನಿನಗೆ ತಲೆ ಕೆಟ್ಟಿದೆಯಾ? ಕೆನ್ನೆಗೆ ಬಾರಿಸಿದಂಗೆ ಅದು. ಜನ್ಮದಲ್ಲಿ ನನ್ನ ಜೊತೆ ಮಾತಾಡಲ್ಲ ಅವನು."

"ಮಾತಾಡದೆ ಇದ್ರೂ ಬದುಕಿರ್ತಾನಲ್ಲ."

ಆಲ್ಬಿ ಪೈಪನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ಹೂಂ ಅಂದ.

ಶನಿವಾರ ಮೈದಾನ ತುಂಬಿ ತುಳುಕುತ್ತಿತ್ತು. ಕಹಳೆಯಂಥ ಭೋಂಗಾ ಹಿಡಿದವನು ಹೆಸರು ಓದಿದ. "ಬಿಳಿ ಗೆರೆಯ ಮೇಲೆ ರೆಗ್ ಮಡ್ಜ್." ಜನ ಗುಸುಗುಸು ಎಂದರು. ರೆಗ್ ಚುರುಕಿನಲ್ಲಿ ಎರಡನೆಯವನು, ಕ್ಲ್ಯಾರಿಯ ಹಿಂದೆಯೇ ಬೆಳೆದವನು. ಕೊನೆಗೆ, "ಎಲ್ಲರಿಗಿಂತ ಮುಂದೆ, ನೂರು ಗಜ, ಕ್ಲ್ಯಾರಿ ಪಾಸ್ಕೋ."

"ಯಾವನೋ ಕುಡಿದು ಬರೆದಿದ್ದಾನೆ," ಎಂದು ಹಿಂದಿನ ಸಾಲಿನವನೊಬ್ಬ ನಕ್ಕ. ಬೇರೆ ಯಾರೂ ನಗಲಿಲ್ಲ.

ಕ್ಲ್ಯಾರಿ ಆಲ್ಬಿಯತ್ತ ನೋಡಿದ. ಆಲ್ಬಿ ತನ್ನ ಬೂಟುಗಳನ್ನು ನೋಡಿಕೊಳ್ಳುತ್ತಿದ್ದ. ಆಮೇಲೆ ಮೇವಿಸ್ ಯಾವಾಗಲೂ ಕೂರುವ ಕಡೆ ತಲೆಯೆತ್ತಿದ. ಪಂದ್ಯಕ್ಕೆ ಮುಂಚೆ ಅವಳು ಕೈಯೆತ್ತುವುದು ವಾಡಿಕೆ. ಇವತ್ತು ತಲೆ ಬಗ್ಗಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಲೇ ಇದ್ದಳು. ಅವನಿಗೆ ಎಲ್ಲ ಗೊತ್ತಾಯಿತು.

ಗಾಡಿಯನ್ನು ತಿರುಗಿಸಿ ಹಿಂದಕ್ಕೆ ತಳ್ಳತೊಡಗಿದ. ಹಿಂದೆ ನಿಲ್ಲುತ್ತೇನೆ ಎಂದವನನ್ನು ತಡೆಯುವ ಕಾನೂನಿಲ್ಲ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಜನ ಎದ್ದು ನಿಂತರು, ಯಾರೋ ಅವನ ಹೆಸರು ಹಿಡಿದು ಕೂಗಿದರು. ಮೇವಿಸಳ ಕೈಯಲ್ಲಿದ್ದ ಚಹಾ ಮಡಿಲಿಗೆ ಚೆಲ್ಲಿತು. ಅಯ್ಯೋ, ಈ ಸಿಟ್ಟಲ್ಲಿ ಇನ್ನೂ ಹುಚ್ಚನಂತೆ ನುಗ್ಗುತ್ತಾನೆ, ಇವನನ್ನು ಉಳಿಸಲು ಹೋಗಿ ನಾನೇ ಕೊಂದೆ ಅಂದುಕೊಂಡಳು.

ಬಿಳಿ ಗೆರೆಯ ಹತ್ತಿರ ರೆಗ್ ತನ್ನ ಗಾಡಿಯನ್ನು ಪಕ್ಕಕ್ಕೆ ಎಳೆದು ಜಾಗ ಮಾಡಿದ. "ಬಾ ಮಾರಾಯ. ನಿನ್ನ ಜಾಗದಲ್ಲಿ ನಿಂತು ನನಗೂ ಮೈಯೆಲ್ಲ ಮುಳ್ಳು."

ಕ್ಲ್ಯಾರಿ ಗೆರೆಯ ಮೇಲೆ ಎಡಗಾಲಿಟ್ಟ. ಉಕ್ಕಿನ ಅಟ್ಟೆಗೆ ಸುಣ್ಣ ಹತ್ತಿತು. ಮತ್ತೊಮ್ಮೆ ಮೇವಿಸ್ ಇದ್ದತ್ತ ನೋಡಿದ. ಈಗ ಅವಳೂ ನೋಡುತ್ತಿದ್ದಳು.

"ನೀನೇ ನಿಂತ್ಕೋ ರೆಗ್," ಅಂದ. "ಚೆನ್ನಾಗಿ ಓಡಿಸು."

ಮತ್ತೆ ಅಷ್ಟೂ ಜನರನ್ನು ದಾಟಿಕೊಂಡು, ಗಾಡಿ ತಳ್ಳುತ್ತ ಮುಂದಕ್ಕೆ ಹೋದ. ಅಷ್ಟು ಉದ್ದದ ದಾರಿಯನ್ನು ಆ ಮೈದಾನದಲ್ಲಿ ಇನ್ಯಾರೂ ನಡೆದಿರಲಾರರು. ಕೂಗುತ್ತಿದ್ದವರು ಕೂತರು.

ಗೆದ್ದ. ಗೆಲ್ಲದೆ ಏನು, ನೂರು ಗಜ ಮುಂದೆ ಬಿಟ್ಟ ಕ್ಲ್ಯಾರಿಯನ್ನು ಹಿಡಿಯಲು ರೆಕ್ಕೆ ಬೇಕಿತ್ತು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಬೆಳ್ಳಿ ಬಟ್ಟಲನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದು ಮೇಜಿನ ಮೇಲಿಟ್ಟ. ಬೂಟಿನಿಂದ ಉಕ್ಕಿನ ಅಟ್ಟೆ ಬಿಚ್ಚಿ ಹಿತ್ತಲ ಕೊಟ್ಟಿಗೆಯಲ್ಲಿ ಮೊಳೆಗೆ ನೇತುಹಾಕಿದ. ಮತ್ತೆ ತೆಗೆಯಲಿಲ್ಲ. ಮೇವಿಸ್ ಬೈಗುಳಕ್ಕೆ ಕಾದಳು. ಅವನು ಕೈ ತೊಳೆದು ಊಟಕ್ಕೆ ಕೂತ. ಆಲ್ಬಿಯೊಂದಿಗೆ ಮಾತ್ರ ಮುಂದಿನ ಕ್ರಿಸ್‌ಮಸ್ಸಿನವರೆಗೂ ಮಾತಿರಲಿಲ್ಲ.

ಮುಂದೆ ಲಂಡನ್ನಿನಲ್ಲಿ ಈ ಆಟಕ್ಕೆ ದೊಡ್ಡ ಮೈದಾನಗಳು, ಪದಕಗಳು, ಜಗತ್ತಿನ ಚಾಂಪಿಯನ್ನರು ಎಲ್ಲ ಬಂದರು. ಅಲ್ಲಿ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರು. ಸೆಸ್‌ನಾಕ್‌ನ ಹಂದಿತೊಡೆಗಳನ್ನು ಯಾರು ನೆನಪಿಡುತ್ತಾರೆ? ಕ್ಲ್ಯಾರಿಗೆ ತಲೆ ನರೆತು ಮೊಮ್ಮಕ್ಕಳಾದ ಮೇಲೆ ಒಬ್ಬ ಸಂಘದವನು ಹಳಬರ ಕಥೆ ಕೇಳಲು ಮನೆಗೆ ಬಂದ. ಕಪಾಟಿನಲ್ಲಿದ್ದ ಬೆಳ್ಳಿ ಬಟ್ಟಲಿನ ಮೇಲಿನ ಅಕ್ಷರ ಓದಿದ. "ನೂರು ಗಜ ಮುಂದಿಂದ," ಎಂದು ತನಗೇ ಹೇಳಿಕೊಂಡು, ಪಾಪ ಎನ್ನುವ ದನಿಯಲ್ಲಿ ಕೇಳಿದ. "ನೀವು ಗೆದ್ದಿದ್ದು ಇದೊಂದೇನಾ?"

ಅಡುಗೆಮನೆಯಲ್ಲಿ ಮೇವಿಸಳ ಕೈ ನಿಂತಿತು. ಎಷ್ಟು ವರ್ಷ ಆ ಬಟ್ಟಲನ್ನು ಉಜ್ಜಿ ಉಜ್ಜಿ ಹೊಳೆಸಿದ್ದಳೋ, ಅಷ್ಟೂ ವರ್ಷ ಈ ಪ್ರಶ್ನೆಗೆ ಅವನು ಕೊಡುವ ಉತ್ತರಕ್ಕೆ ಹೆದರಿದ್ದಳು.

"ಅದು ನಂದಲ್ಲ," ಅಂದ ಕ್ಲ್ಯಾರಿ. "ಅದನ್ನ ಗೆದ್ದಿದ್ದು ನಮ್ಮ ಮೇವಿಸ್. ನಾನು ಗೆದ್ದಿದ್ದೆಲ್ಲ ಅವತ್ತೇ ತಿಂದ್ವಿ."

ಬಂದವನು ತಮಾಷೆಯೆಂದುಕೊಂಡು ನಕ್ಕ. ಮೇವಿಸ್ ಸೆರಗಿಲ್ಲದ ಊರಿನವಳು, ಏಪ್ರನ್ನಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು. ಚಹಾ ತಂದು ಗಂಡನ ಕಪ್ಪನ್ನು ಅವನಿಗೆ ಕಾಣುವಂತೆ ಬಲಗಡೆಗೆ ಇಟ್ಟಳು.