ಎಮ್ಮೆಗೆ ಹೇಳಿದ ಮಾತು

ಪಾಂಡವಪುರದ ಮೊದಲ ಬೆಳಗ್ಗೆ ನನಗೆ ಎಚ್ಚರವಾದದ್ದು ನನ್ನ ಬಗ್ಗೆಯೇ ಯಾರೋ ಆಡಿಕೊಳ್ಳುತ್ತಿದ್ದ ದನಿಗೆ. "ಪೆಟ್ಟಿಗೆ ತುಂಬ ಪುಸ್ತಕ ತಂದವ್ಳೆ ಕಣವ್ವ, ಪಾತ್ರೆ ನೋಡುದ್ರೆ ಎಲ್ಡೇ ಎಲ್ಡು. ಈ ವಯಸ್ಸಲ್ಲಿ ಒಬ್ಳೇ ಬಂದವ್ಳೆ. ಏನ್ ಉಣ್ತಾಳೋ, ಏನ್ ಬುಡ್ತಾಳೋ." ಮೈಯೆಲ್ಲ ಉರಿಯಿತು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಅಂಗಳದಲ್ಲಿ ಮನೆಯೊಡತಿ ಜವರಮ್ಮ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದದ್ದು ಕಾಳಿ ಎಂಬ ಅವರ ಎಮ್ಮೆ. ಬೇರೆ ಯಾರೂ ಅಲ್ಲಿರಲಿಲ್ಲ.

ನಮ್ಮ ಬಿಜಾಪುರದವರು ನೀವು ನಗುತ್ತೀರಿ, ಗೊತ್ತು. ನಮ್ಮಲ್ಲಿ ಮನಸ್ಸಿನಲ್ಲಿದ್ದದ್ದನ್ನು ಎದುರಿಗೇ ಅಂದು, ಅಷ್ಟೇ ಜೋರಾದ ಉತ್ತರ ತಗೊಂಡು, ಮೇಲೊಂದು ಕಪ್ ಚಹಾ ಕುಡಿದು ಎದ್ದುಹೋಗುವುದು ರೂಢಿ. ತೊಂಬತ್ತರ ದಶಕದ ನಡುವಿನಲ್ಲಿ ಕಾಲೇಜಿನಲ್ಲಿ ಕನ್ನಡ ಕಲಿಸಲು ಈ ಕಬ್ಬಿನ ಸೀಮೆಗೆ ಬಂದ ನನಗೆ ಇಲ್ಲಿನದೆಲ್ಲ ಉಲ್ಟಾ ಕಾಣುತ್ತಿತ್ತು. ಗಂಡಸರು ಒಬ್ಬರನ್ನೊಬ್ಬರು "ಲೇ, ಬಾರ್ಲಾ" ಎಂದು ಅಕ್ಕರೆಯಿಂದ ಕರೆದರೂ ನನ್ನ ಕಿವಿಗೆ ಅದು ಹೊಡೆದಾಟದ ಮುನ್ನುಡಿ. ರೊಟ್ಟಿ ಬಡಿದ ಕೈ ಮುದ್ದೆ ಕಟ್ಟಲು ಬಗ್ಗಲಿಲ್ಲ. ಮನೆಗೆ ಫೋನು ಮಾಡಲು ಎಸ್‌ಟಿಡಿ ಬೂತಿನಲ್ಲಿ ನಿಂತರೆ ಆರಾಮಿದ್ದೇನೆ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ.

ಆಗ ನನಗೆ ಜೊತೆಯಾದದ್ದು ಆ ಹಾಲು ಕರೆಯುವ ಹೊತ್ತಿನ ಮಾತು. ಮಗ, ಸಾರಿನ ಉಪ್ಪು, ಗಂಜಾಂ ನಿಮಿಷಾಂಬೆಯ ಹರಕೆ, ಬಾರದ ಮಳೆ, ಎಲ್ಲವೂ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ತೀರಿಹೋದ ಮಗಳ ಹೆಸರು ಬಂದರೆ ಮಾತ್ರ ಮಾತು ಅಲ್ಲಿಗೇ ತುಂಡಾಗುತ್ತಿತ್ತು. "ಮೇಡಮ್ಮುಂಗೆ ಒಸಿ ಸೊಪ್ಪುಸಾರು ಕೊಟ್ರೆ ಏನಂದ್ಕತಾಳೋ" ಎಂದು ಬೆಳಗ್ಗೆ ಕಾಳಿಗೆ ಹೇಳಿದರೆ, ಮಧ್ಯಾಹ್ನ ನನ್ನ ಬಾಗಿಲಲ್ಲಿ ಸಾರಿನ ಬಟ್ಟಲು ಇರುತ್ತಿತ್ತು. ಇಷ್ಟಾದರೂ ನನ್ನ ಮುಖ ಕಂಡರೆ ಜವರಮ್ಮ "ಊಟ ಆಯ್ತಾ" ಎನ್ನುವುದಕ್ಕಿಂತ ಹೆಚ್ಚು ಆಡಿದವರಲ್ಲ.

ಅದೇ ಹೊತ್ತಿಗೆ ನಾನು ತರಗತಿಯಲ್ಲಿ ನವ್ಯ ಕಾದಂಬರಿ ಕಲಿಸುತ್ತಿದ್ದೆ. ಹಳೆಯ ಕಥೆಗಾರ ಮನುಷ್ಯ ಮಾಡಿದ್ದನ್ನು ಹೇಳುತ್ತಿದ್ದ. ನವ್ಯರು ಮನುಷ್ಯನ ತಲೆಯೊಳಗೇ ಹೋಗಿ ಕೂತರು. ಅಲ್ಲಿ ನೆನಪು, ಆಸೆ, ನಾಚಿಕೆ ಸಾಲು ಹಿಡಿದು ಬರುವುದಿಲ್ಲ, ಪೂರ್ಣವಿರಾಮವಿಲ್ಲದೆ ಹರಿಯುತ್ತವೆ. ನಾಯಕ ಕೋಣೆಯಲ್ಲಿ ಒಬ್ಬನೇ ಕೂತು ಬೇಯುತ್ತಾನೆ ಎಂದು ವಿವರಿಸಿದೆ. ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸುಧಾ ಎದ್ದು ನಿಂತಳು. "ಅವ್ನು ಯಾರ್ ತಾವೂ ಏಳ್ಕಳಲ್ವಾ ಮೇಡಂ? ಮನೇಲಿ ದನ ಕರ ಇಲ್ವಾ?" ತರಗತಿ ನಕ್ಕಿತು. ಸಿಟ್ಟಿನಲ್ಲಿ ಅವಳನ್ನು ಕೂರಿಸಿದೆ.

ಒಂದು ಬೆಳಗ್ಗೆ ಜವರಮ್ಮ ಕಾಳಿಗೆ ಹೇಳುತ್ತಿದ್ದರು: "ಮಗನ್ಗೆ ಮದ್ವೆ ಗೊತ್ತಾಯ್ತು. ರೂಮು ಬೇಕು, ಮೇಡಮ್ಮುನ್ನ ಬುಡಿಸು ಅಂತಾವ್ನೆ. ನಾನ್ ಯಾವ್ ಬಾಯಲ್ಲಿ ಏಳ್ಲವ್ವ?" ನನ್ನ ಬಿಜಾಪುರದ ರಕ್ತ ಸುಮ್ಮನಿದ್ದೀತೇ. ಹೊರಗೆ ಬಂದು, ನೀವೇನೂ ಹೇಳುವುದು ಬೇಡ, ತಿಂಗಳ ಕೊನೆಗೆ ನಾನೇ ಬಿಡುತ್ತೇನೆ ಎಂದುಬಿಟ್ಟೆ. ಜವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅರ್ಧ ತುಂಬಿದ ಬಕೆಟ್ಟು ಹಿಡಿದು ಒಳಗೆ ಹೋದರು.

ಮರುದಿನದಿಂದ ಅಂಗಳ ಮೂಕವಾಯಿತು. ದನಿ ಇಲ್ಲದೆ ಕೈ ಹಾಕಿದರೆ ಕಾಳಿ ಸೊರೆ ಬಿಡಲೊಲ್ಲದು; ಅಂದರೆ ಹಾಲನ್ನು ಕೆಚ್ಚಲಿಗೆ ಇಳಿಸದೆ ಮೇಲೆಯೇ ಹಿಡಿದುಕೊಳ್ಳುತ್ತಿತ್ತು. ನನಗೂ ಬೆಳಗಾಗುತ್ತಿರಲಿಲ್ಲ. ಹೋಗುತ್ತೇನೆ ಎಂದವಳಿಗೆ ಹೋಗಲು ಮನಸ್ಸೇ ಇರಲಿಲ್ಲ. ಆ ಊರಿನಲ್ಲಿ ನನ್ನ ಊಟದ ಚಿಂತೆ ಮಾಡುವ ದನಿ ಇದ್ದದ್ದು ಅದೊಂದೇ, ಅದನ್ನೂ ನಾನೇ ನಿಲ್ಲಿಸಿದ್ದೆ.

ಸಪ್ಪೆ ಮುಖ ಕಂಡು ಸುಧಾ ಏನೆಂದು ಕೇಳಿದಳು. ಹೇಳಿದೆ. "ಅಯ್ಯೋ ಮೇಡಂ, ಎಮ್ಮೆ ತಾವ ಆಡಿದ್ ಮಾತ್ಗೆ ಯಾರಾದ್ರೂ ಜವಾಬು ಕೊಟ್ಟಾರಾ? ಕೇಳಿಸ್ಕಂಡು ಸುಮ್ಕಿರ್ಬೇಕು. ತಡಿಯಕ್ಕಾಗ್ದಿದ್ರೆ ನೀವೂ ಯಾವ್ದಾದ್ರೂ ಕರಿನ್ ತಾವ ಏಳ್ಕಬೇಕಿತ್ತು."

ಅಂದು ಸಂಜೆ ಕಾಳಿಯ ಕರುವಿನ ಕತ್ತು ತುರಿಸುತ್ತ ನಿಂತೆ. ಜವರಮ್ಮ ಮಾತಿಲ್ಲದೆ ಕೆಚ್ಚಲಿಗೆ ನೀರು ಚಿಮುಕಿಸುತ್ತಿದ್ದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆದರೂ ಬಾಯಿ ಬಿಟ್ಟೆ. "ನೋಡು ತಮ್ಮಾ, ಸಿಟ್ಟಿನಾಗ ಹೋಗ್ತೀನಿ ಅಂದೆ. ನನಗ ಹೋಗಾಕ ಮನಸಿಲ್ಲ. ಮುಂಜಾನೆ ಆಕಿ ದನಿ ಕೇಳದಿದ್ರ ನನಗ ಈ ಊರಾಗ ಯಾರೂ ಇಲ್ಲ." ಜವರಮ್ಮ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬಕೆಟ್ಟಿನಲ್ಲಿ ಹಾಲಿನ ಸದ್ದು ಎದ್ದಿತು.

ಬೆಳಗ್ಗೆ ದನಿ ವಾಪಸ್ಸು ಬಂದಿತ್ತು. "ಇತ್ಲಲ್ಲಿ ತಗಡ್ ಸೀಟಾಕ್ಸಿ ರೂಮ್ ಕಟ್ಕಳ್ಲಾ ಅಂದ್ಬುಟ್ಟೆ ಕಣವ್ವ ಮಗನ್ಗೆ. ಮೇಡಮ್ಮ ಎಲ್ಗೂ ಓಗಕುಲ್ಲ." ನಾನು ಕಿಟಕಿಯ ಈಚೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಉತ್ತರ ಮಾತ್ರ ಕೊಡಲಿಲ್ಲ.

ಮುಂದಿನ ಪಾಠದಲ್ಲಿ ಸುಧಾಳ ಪ್ರಶ್ನೆಯನ್ನು ನಾನೇ ಎತ್ತಿದೆ. ಆ ಒಂಟಿ ನಾಯಕ ಹೇಳಿಕೊಳ್ಳುವುದು ನಮ್ಮ ಹತ್ತಿರವೇ, ಓದುಗ ಎಂದರೆ ಎಲ್ಲ ಕೇಳಿಸಿಕೊಂಡೂ ನಡುವೆ ಬಾಯಿ ಹಾಕದವನು ಎಂದೆ. ಇನ್ನೊಂದನ್ನೂ ಹೇಳಿದೆ: ತೀರಿಹೋದ ಮಗಳ ನೆನಪಿನ ಹತ್ತಿರ ಬಂದಾಗ ಜವರಮ್ಮನ ಮಾತು ಕಾಳಿಯ ಮುಂದೆಯೂ ನಿಲ್ಲುತ್ತದೆ, ಬರೀ ಹಾಲಿನ ಸದ್ದು ಉಳಿಯುತ್ತದೆ. ಆ ಜಾಗಕ್ಕೆ ಹೋಗಲೆಂದೇ ಕಾದಂಬರಿ ಇರುವುದು. ಯಾರೂ ನಗಲಿಲ್ಲ.

ಐದಾರು ವರ್ಷಗಳಾದವು. ಎಮ್ಮೆಯ ದಯೆಯಿಂದ ಈ ಊರಿನಲ್ಲಿ ಉಳಿದವಳು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಳೆದ ಬೇಸಿಗೆ ರಜೆಗೆ ಬಿಜಾಪುರಕ್ಕೆ ಬಂದಿದ್ದೆ. ಸಂಜೆ ಅಕ್ಕನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಅರಿವಿಲ್ಲದೆ ಹೆಂಚಿಗೆ ಹೇಳತೊಡಗಿದ್ದೆ: "ನೋಡವ್ವ, ಬಂದ್ ದಿನ್ವೇ ಎಲ್ರೂ ಯಾವಾಗ್ ಓಯ್ತೀಯ ಅಂತಾರೆ." ಒಳಗಿನಿಂದ ಅಕ್ಕ ಕೂಗಿದಳು. "ಹೋಗಂತ ಯಾರಂದಾರ ನಿನಗ? ಇದು ನಿನ್ನ ಮನಿ ಅಲ್ಲೇನು?" ಪ್ರೀತಿಯ ಉತ್ತರವೇ ಅದು. ನನ್ನ ಬಾಯಿ ಕಟ್ಟಿಹೋಯಿತು.

"ಯಾಕ ಸುಮ್ಮಾದಿ?" ಎಂದು ಅಕ್ಕ ಹೊರಗೆ ಬಂದಳು. ಏನೂ ಇಲ್ಲ ಎಂದೆ. ಪಾಂಡವಪುರದಲ್ಲಿ ಅದು ಕಾಳಿ ಸೊರೆ ಬಿಡುವ ಹೊತ್ತು.