ಇತವಾರಿಯ ಗಂಟು, ಮಾಲವಣದ ನೀರು

ವಾಣಿಶ್ರೀ ನಾಗಪುರದ ಅಂಬಾಝರಿ ಕೆರೆಯಲ್ಲಿ ದೋಣಿ ನಡೆಸುವುದನ್ನು ಕಲಿಸುತ್ತಾಳೆ. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಇದೂ ಒಂದು ಉದ್ಯೋಗವೇ ಎಂದು ಯಾರಾದರೂ ಕೇಳಿದರೆ ಅವಳು ಅವರ ಕೈಗೊಂದು ಲೈಫ್ ಜಾಕೆಟ್ ಕೊಡುತ್ತಾಳೆ.

ಅವಳ ತಂದೆ ಗುರುಪಾದಪ್ಪನವರದು ಅದೇ ಊರಿನ ಇತವಾರಿ ಪೇಟೆಯಲ್ಲಿ ಹಗ್ಗದ ಅಂಗಡಿ. ಗದಗಿನಿಂದ ಬಂದ ಅವಳ ಅಜ್ಜ ಹಾಕಿದ್ದು. ಕೈಗಾಡಿ, ಟೆಂಪೊಗಳ ಮೇಲೆ ಸರಕು ಬಿಗಿಯುವ ಗಂಟನ್ನು ಮಗಳಿಗೆ ಅವರು ಅಕ್ಷರಕ್ಕಿಂತ ಮೊದಲೇ ಕಲಿಸಿದ್ದರು. “ನಮ್ಮ ಗಂಟು ರಾಯಪುರ ಮುಟ್ಟೂತನಕಾ ಒಂದ್ ಬೆರಳ ಸಡಲಂಗಿಲ್ಲ” ಎಂಬುದು ಅವರ ಮಾತು. ಕೆರೆಯ ದೋಣಿಗಳನ್ನೂ ವಾಣಿಶ್ರೀ ಹಾಗೆಯೇ ಬಿಗಿದು ಕಟ್ಟುತ್ತಿದ್ದಳು. ಕೆರೆಯ ನೀರು ಬೆಳಿಗ್ಗೆ ಎಲ್ಲಿರುತ್ತದೋ ಸಂಜೆಯೂ ಅಲ್ಲೇ ಇರುತ್ತದೆ. ಹಾಗಾಗಿ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಹೋದ ವರ್ಷ ಅವಳ ಬಳಿ ಕಲಿಯುತ್ತಿದ್ದ ಹುಡುಗಿಯರಿಗೆ ಕಡಲ ಶಿಬಿರಕ್ಕೆ ಕರೆ ಬಂತು. ಜೊತೆಗೆ ಹೋಗುವ ಶಿಕ್ಷಕಿಗೆ ಕರಾವಳಿಯಲ್ಲಿ ದೋಣಿ ನಡೆಸುವ ಪರವಾನಗಿ ಇರಲೇಬೇಕು. ಇಲ್ಲದಿದ್ದರೆ ಯಾರೂ ಹೋಗುವಂತಿಲ್ಲ. ಪರೀಕ್ಷೆಗಾಗಿ ವಾಣಿಶ್ರೀ ಕೊಂಕಣದ ಮಾಲವಣಕ್ಕೆ ಹೊರಟಳು. ಸಮುದ್ರವನ್ನೇ ಕಾಣದ ಗುರುಪಾದಪ್ಪನವರು ಹೊಸ ನೈಲಾನ್ ಹಗ್ಗದ ಸುರುಳಿಯೊಂದನ್ನು ಹೆಗಲಿಗೇರಿಸಿ ಜೊತೆಗೆ ಬಂದರು.

ಅಂದು ಅಮಾವಾಸ್ಯೆಯ ಮರುದಿನ. ನಡುಹಗಲಿಗೆ ಭರತದ, ಅಂದರೆ ಉಬ್ಬರದ, ನೀರು ದೋಣಿ ನಿಲ್ಲಿಸುವ ಧಕ್ಕೆಯ ಅಂಚಿಗೆ ಬಂದು ನಿಂತಿತ್ತು. ವಾಣಿಶ್ರೀ ದೋಣಿ ನಡೆಸಿ ತೋರಿಸಿದಳು. ಅಲೆಗೆ ಮುಖ ಕೊಟ್ಟು ತಿರುಗಿಸಿದ ರೀತಿಗೆ ಪರೀಕ್ಷಕರು ತಲೆದೂಗಿದರು. ಹಿಂದಿರುಗಿ ತಂದೆಯ ಹಗ್ಗದಿಂದ ದೋಣಿಯನ್ನು ಧಕ್ಕೆಗೆ ಮುಂದೊಂದು, ಹಿಂದೊಂದು ಗಂಟು ಬಿಗಿದು ಕಟ್ಟಿ, ಲಿಖಿತ ಪರೀಕ್ಷೆಗೆ ಹೋದಳು. ಉಬ್ಬರವಿಳಿತದ ಕೋಷ್ಟಕ ಅವಳಿಗೆ ಬಾಯಿಪಾಠವಾಗಿತ್ತು. ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರ ಬರೆದಳು.

ಹೊರಗೆ ಬಂದಾಗ ಗುರುಪಾದಪ್ಪನವರು ಎದುರು ಓಡಿ ಬಂದರು. “ವಾಣಿ, ಜಲ್ದಿ ಬಾರವಾ! ನೀರು ಎಲ್ಲೋ ಹೋತು!”

ನೀರು ಆಳೆತ್ತರ ಇಳಿದಿತ್ತು. ದೋಣಿ ಎರಡು ಗಂಟುಗಳಿಂದ ಧಕ್ಕೆಯ ಗೋಡೆಗೆ ನೇತುಬಿದ್ದು ಓರೆಯಾಗಿತ್ತು. ಒಂದು ಬದಿಯ ಅಂಚು ನೀರಿಗೆ ತಾಗುತ್ತಿತ್ತು, ಪ್ರತಿ ಅಲೆಗೂ ಒಳಗೆ ನೀರು ನುಗ್ಗುತ್ತಿತ್ತು. ಭಾರ ಬಿದ್ದ ಗಂಟು ಕಲ್ಲಾಗಿತ್ತು.

ಪರೀಕ್ಷಕರು ಮರಾಠಿಯಲ್ಲಿ ಕೇಳಿದರು: “ದೋಣಿ ಕಟ್ಟಿದ್ದೀರೋ, ಎತ್ತು ಕಟ್ಟಿದ್ದೀರೋ?” ಸುತ್ತಲಿನ ಮೀನುಗಾರರು ನಕ್ಕರು.

ವಾಣಿಶ್ರೀಯ ಮುಖ ಕೆಂಪಾಯಿತು. ಮೊದಲು ದೋಣಿಯಿಂದ ಧಕ್ಕೆಗೆ ಇನ್ನೊಂದು ಉದ್ದ ಹಗ್ಗವನ್ನು ಸಡಿಲ ಬಿಟ್ಟು ಕಟ್ಟಿಸಿದಳು. ಇಲ್ಲದಿದ್ದರೆ ಬಿಡುಗಡೆಯಾದ ದೋಣಿ ಇಳಿತದ ಜೊತೆ ಹೊರಟುಬಿಡುತ್ತಿತ್ತು. ಆಮೇಲೆ ಮೀನುಗಾರರೊಬ್ಬರಿಂದ ಕತ್ತಿ ಇಸಿದುಕೊಂಡಳು.

“ಅಪ್ಪಾ, ನಿಮ್ಮ ಚಾಕು ತಗೀರಿ. ಆ ಕಡೆ ನೀವು, ಈ ಕಡೆ ನಾನು. ಎರಡೂ ಕೂಡೇ ಹೋಗಬೇಕು.”

“ಹೊಸಾ ಹಗ್ಗ ಐತಲ್ಲವಾ! ಹತ್ತು ಆಳು ಜಗ್ಗಿದರೂ ಹರಿಯಂಗಿಲ್ಲ!”

“ಹರಿಯಂಗಿಲ್ಲ ಅಂತನ ಕೊಯ್ಯಬೇಕ್ರಿ.”

ಗುರುಪಾದಪ್ಪನವರು ಹಗ್ಗವನ್ನೊಮ್ಮೆ ನೋಡಿದರು. ಅಂಗಡಿಯ ಚಾಕು ಬಿಚ್ಚಿದರು. ಆಗ ಅವರಿಗೆ ತಮ್ಮ ವಿದ್ಯೆ ನೆನಪಾಯಿತು. “ಏ, ಎಲ್ಲಾರೂ ಹಿಂದ ಸರೀರಿ! ಹಗ್ಗದ ನೇರಕ್ಕ ಯಾರೂ ನಿಂದರಬ್ಯಾಡ್ರಿ! ಜಗ್ಗಿದ ನೈಲಾನ್ ಚಾಟಿ ಹೊಡದಂಗ ಹೊಡೀತೈತಿ!” ಅವಸರದಲ್ಲಿ ಬಾಯಿಗೆ ಬಂದ ಕನ್ನಡ ಯಾರಿಗೂ ತಿಳಿಯದಿದ್ದರೂ ಅವರ ಕೈಸನ್ನೆಗೆ ಎಲ್ಲರೂ ಸರಿದರು.

“ಹೂಂ, ಅಪ್ಪಾ!”

ಎರಡು ಹಗ್ಗಗಳೂ ಒಟ್ಟಿಗೆ ತುಂಡಾಗಿ ಸಿಡಿದವು. ದೋಣಿ ಸಮನಾಗಿ ನೀರಿಗೆ ಬಿದ್ದು, ಹೊಯ್ದಾಡಿ, ನೆಟ್ಟಗೆ ನಿಂತಿತು. ಯಾರ ಕೂದಲೂ ಕೊಂಕಲಿಲ್ಲ. ನಗುತ್ತಿದ್ದವರೇ ಕೆಳಗಿಳಿದು ನೀರು ತೋಡಿ ಹಾಕಲು ಕೈ ಜೋಡಿಸಿದರು.

“ಕಟ್ಟುವುದರಲ್ಲಿ ಇಂದು ನೀವು ನಪಾಸು” ಎಂದರು ಪರೀಕ್ಷಕರು. “ಆದರೆ ಬಿಡಿಸಿದ್ದನ್ನು ನೋಡಿದ್ದೇನೆ, ಅದಕ್ಕೇ ಒಂದು ಮಾತು ಹೇಳುತ್ತೇನೆ. ನಾಳೆ ಇನ್ನೊಮ್ಮೆ ಬನ್ನಿ.”

ವಾಣಿಶ್ರೀ ವಸತಿಗೆ ಹೋಗಲಿಲ್ಲ. ಕತ್ತಲಾಗುವವರೆಗೆ ಧಕ್ಕೆಯ ಮೆಟ್ಟಿಲ ಮೇಲೆ ಕುಳಿತು, ನೀರು ತಳ ಮುಟ್ಟಿ ಮತ್ತೆ ಒಂದೊಂದೇ ಮೆಟ್ಟಿಲು ಏರುವುದನ್ನು ನೋಡಿದಳು. ಕೋಷ್ಟಕದ ಅಂಕಿಗಳು ಅವಳ ತಲೆಯಲ್ಲಿದ್ದವು, ಕೈಗೆ ಇಳಿದಿರಲಿಲ್ಲ. ಅವು ಕೈಗಿಳಿದದ್ದು ಅಂದು ಸಂಜೆ.

ಮರುದಿನ ಅವಳು ಅದೇ ಭರತದ ಹೊತ್ತಿಗೆ, ಉಳಿದ ಅದೇ ಹಗ್ಗದಿಂದ ದೋಣಿ ಕಟ್ಟಿದಳು. ನೀರು ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕಿ, ಅದರ ಮೂರರಷ್ಟು ಉದ್ದ ಬಿಟ್ಟು, ಭಾರ ಬಿದ್ದರೂ ಸಡಿಲಿಸಬಹುದಾದ ಹಾಗೆ ಗೂಟಕ್ಕೆ ಸುತ್ತಿದಳು. ಸಂಜೆ ನೀರು ತಳ ಸೇರಿದಾಗಲೂ ದೋಣಿ ಧಕ್ಕೆಯ ಕೆಳಗೆ ನೆಮ್ಮದಿಯಾಗಿ ತೂಗುತ್ತಿತ್ತು. ಪರೀಕ್ಷಕರು ಸಹಿ ಹಾಕಿದರು.

ಹುಡುಗಿಯರು ಶಿಬಿರಕ್ಕೆ ಹೋಗಿ ಬಂದರು. ಅವರು ಅಂಬಾಝರಿಯಲ್ಲೂ ಈಗ ದೋಣಿಯನ್ನು ಉದ್ದ ಹಗ್ಗದಿಂದಲೇ ಕಟ್ಟುತ್ತಾರೆ. ದಡದಲ್ಲಿ ನೋಡುವವರು ನಗುತ್ತಾರೆ.

ಇತವಾರಿಯ ಅಂಗಡಿಯಲ್ಲಿ, ತಕ್ಕಡಿಯ ಮೇಲ್ಗಡೆ, ಎರಡು ತುಂಡು ಹಗ್ಗಗಳು ಗಂಟಿನ ಸಮೇತ ತೂಗಾಡುತ್ತಿವೆ. ಪಕ್ಕದ ಬಟ್ಟೆ ಅಂಗಡಿಯ ಸಿದ್ದಲಿಂಗಯ್ಯನವರು ಒಮ್ಮೆ ಕೆಣಕಿದರು. “ಏನ್ರೀ ಗುರುಪಾದಪ್ಪನವರ, ಹಗ್ಗ ಮಾರಾಂವ್ರು ಹರದ ಹಗ್ಗ ತೂಗಹಾಕಿದ್ರ ಗಿರಾಕಿ ಬರ್ತಾರೇನ್ರಿ?”

“ಬರೋಬರ್ ನೋಡ್ರಿ ಸಾಹೇಬ್ರ” ಎಂದರು ಗುರುಪಾದಪ್ಪನವರು, ತುದಿಯನ್ನು ಹಿಡಿದು ತೋರಿಸುತ್ತ. “ಇದು ಹರದದ್ದಲ್ಲ. ಸಮುದ್ರ ಜಗ್ಗಿದರೂ ಹರೀಲಿಲ್ಲ. ನನ್ನ ಮಗಳು ಕೊಯ್ದಾಳ.”